ನಿರಪರಾಧಿ ಎಂದು ತೀರ್ಪು ಪಡೆದ ನನ್ನ ಕುತ್ತಿಗೆಯ ಗಂಟಿನವರಿಗೆ

ಎಡಗಿವಿಯ ಕೆಳಗೆ, ಕಾಲರಿನ ಮೇಲೆ, ಬಾಡಿಗೆಯಾಗಲಿ ಮುಂಗಡವಾಗಲಿ ಇಲ್ಲದೆ ವಾಸವಾಗಿರುವ ಶ್ರೀಯುತ ಗಂಟಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೆ ತಲೆಬಾಗಿ ನಮಸ್ಕರಿಸಬೇಕೆಂದೇ ಇದ್ದೆ. ಆದರೆ ನಾನು ಬಾಗಿದರೆ ತಾವೂ ನನ್ನ ಜೊತೆಗೇ ಬಾಗುತ್ತೀರಿ, ಆಗ ಯಾರು ಯಾರಿಗೆ ನಮಸ್ಕರಿಸಿದಂತಾಯಿತು ಎಂಬ ಗೊಂದಲವಾಗುವುದರಿಂದ ನೆಟ್ಟಗೆ ನಿಂತೇ ಕೈಮುಗಿದಿದ್ದೇನೆ, ದಯವಿಟ್ಟು ಸ್ವೀಕರಿಸಬೇಕು. ತಮ್ಮ ಕ್ಷೇಮವನ್ನು ನಾನು ವಿಚಾರಿಸುವುದಿಲ್ಲ. ಆ ಕೆಲಸವನ್ನು ಆಸ್ಪತ್ರೆಯವರು ಮಾಡಿ, ಮೊಹರು ಒತ್ತಿ ಕೊಟ್ಟಿದ್ದಾರೆ. ತಮ್ಮೊಳಗೆ ಸೂಜಿ ಇಳಿಸಿ, ಒಂದಿಷ್ಟನ್ನು ಹೊರಗೆಳೆದು, ಗಾಜಿನ ಮೇಲೆ ಸವರಿ, ಕಣ್ಣಿಟ್ಟು ನೋಡಿ, ಇವರಿಂದ ಯಾವ ಅಪಾಯವೂ ಇಲ್ಲ ಎಂದು ಬರೆದುಕೊಟ್ಟಿದ್ದಾರೆ. ಹಾರ್ದಿಕ ಅಭಿನಂದನೆಗಳು. ನನ್ನನ್ನು ಹುಟ್ಟಿದಾರಭ್ಯ ಬಲ್ಲವರು ಕೂಡ ನನಗೆ ಅಂಥದೊಂದು ಸರ್ಟಿಫಿಕೇಟು ಕೊಡುವ ಧೈರ್ಯ ಮಾಡಿಲ್ಲ. ತಾವು ನಿನ್ನೆ ಮೊನ್ನೆ ಬಂದವರು, ಗಳಿಸಿಬಿಟ್ಟಿರಿ.

ಇದನ್ನು ಗುಟ್ಟಾಗಿ ಬರೆಯದೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ತಾವು ಮುನಿಸಿಕೊಳ್ಳಬಾರದು. ನಮ್ಮ ಬೀದಿಯಲ್ಲಿ ತಮ್ಮನ್ನು ಮುಟ್ಟಿ ನೋಡದ ಬೆರಳು ಉಳಿದಿಲ್ಲವಾದ್ದರಿಂದ ನಮ್ಮಿಬ್ಬರ ನಡುವೆ ಗುಟ್ಟು ಎಂಬುದೂ ಉಳಿದಿಲ್ಲ. ಅದೂ ಅಲ್ಲದೆ ನಾನು ಎದುರು ನಿಂತು ಮಾತಾಡುವವಳಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಕಾಗದದ ಮುಂದೆ ಹಾಗಾಗುವುದಿಲ್ಲ. ನಮ್ಮ ಶಾಲೆಯಲ್ಲಿ ರಜಾಚೀಟಿ ಬರೆಯುವುದನ್ನು ಕಲಿಸುವ ತರಗತಿಯವರೆಗೆ ಹೋಗಿದ್ದೇನೆ. ‘ಮಾನ್ಯರೇ’ ಎಂದು ಶುರುಮಾಡಿ ‘ವಿಶ್ವಾಸಿ’ ಎಂದು ಮುಗಿಸಬೇಕೆಂಬುದು ಗೊತ್ತು; ನಡುವೆ ಬರೆಯಬೇಕಾದ್ದನ್ನು ತಾವೇ ಧಾರಾಳವಾಗಿ ಒದಗಿಸಿದ್ದೀರಿ.

ನನ್ನ ಕೆಲಸ ತಮಗೆ ಗೊತ್ತೇ ಇದೆ, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಕೋಟು, ಅಂಗಿ, ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ನಾನು ಗುಂಡಿ ಹಾಕುವವಳು, ಕಾಜಾ ಮಾಡುವವಳು, ಅಂಚು ಮಡಿಸುವವಳು. ಅಲ್ಲಿರುವುದು ನಾವು ಮೂವರೇ. ಬಟ್ಟೆ ಕತ್ತರಿಸುವವರು ಮಾಸ್ಟರ್. ಮಿಷನ್ನಿನ ಮೇಲೆ ಕೂರುವವಳು ಅರ್ಜೆಂಟಕ್ಕ. ಬಂದ ಬಟ್ಟೆಯೆಲ್ಲ ಅರ್ಜೆಂಟು ಎಂದು ಹೇಳಿ ಹೇಳಿ ಆ ಹೆಸರು ಅವಳಿಗೆ ಅಂಟಿಕೊಂಡಿತು, ಎಲ್ಲವೂ ಅರ್ಜೆಂಟಾದ ಮೇಲೆ ಯಾವುದೂ ಅರ್ಜೆಂಟಲ್ಲವಾದ್ದರಿಂದ ಎಲ್ಲವೂ ತಡವಾಗುತ್ತದೆ. ಮೂಲೆಯ ಸ್ಟೂಲಿನವಳು ನಾನು. ಮಾಸ್ಟರಿಗೆ ಈಚೆಗೆ ಕೈ ನಡುಗುತ್ತದೆ, ಕತ್ತರಿ ಹಿಡಿದರೆ ಗೆರೆ ಬಿಟ್ಟು ಅಲೆಯುತ್ತದೆ. ಕಟಿಂಗ್ ಮೇಜನ್ನು ನನಗೇ ಬಿಟ್ಟುಕೊಡುತ್ತೇನೆಂದು ಅವರು ಹೇಳಿದ ವಾರವೇ ತಾವು ಕಾಣಿಸಿಕೊಂಡಿರಿ. ಮೂಲೆಯ ಸ್ಟೂಲಿನಿಂದ ಕಟಿಂಗ್ ಮೇಜಿಗೆ ನಾಲ್ಕೇ ಹೆಜ್ಜೆ ಇರಬಹುದು, ಆದರೆ ಆ ಹೆಜ್ಜೆಗಳಿಗಾಗಿ ನಾನು ಎಷ್ಟು ಅಂಗಿಗಳಿಗೆ ಗುಂಡಿ ಹಾಕಿದ್ದೇನೆಂಬುದನ್ನು ತಾವು ಬಲ್ಲವರಾಗಿದ್ದರೆ ಒಂದು ತಿಂಗಳು ತಡೆದು ಬರುತ್ತಿದ್ದಿರಿ. ಮಾಸ್ಟರ್ ದೊಡ್ಡ ಮನಸ್ಸಿನವರು. ರಿಪೋರ್ಟು ಬರಲಿ, ಮೇಜು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಕಾದರು.

ರಿಪೋರ್ಟು ಬಂತು. ಆವತ್ತು ಅಮ್ಮ ನನ್ನ ಜೊತೆಗಿದ್ದಳು. ಡಾಕ್ಟರಮ್ಮ ಕಾಗದದ ಮೇಲೆ ಕಣ್ಣಾಡಿಸಿ, “ಏನೂ ಇಲ್ಲಮ್ಮ, ಆರಾಮಾಗಿರು. ಏನಾದ್ರೂ ಕೇಳೋದಿದೆಯಾ?” ಎಂದರು. ಬಾಗಿಲ ಹೊರಗೆ ಬೆಂಚಿನ ತುಂಬ ಜನ ಕೆಮ್ಮುತ್ತಿದ್ದರು. ನಾನು ಏನೆಂದೆ ಎಂಬುದು ತಮಗೆ ನೆನಪಿರಬೇಕು, ತಾವು ಬಾಯಿಗೆ ಅಷ್ಟು ಹತ್ತಿರದಲ್ಲಿದ್ದೀರಿ. “ಇಲ್ಲ” ಎಂದೆ.

ಮಾನ್ಯರೇ, ಇದರಲ್ಲಿ ನನಗೊಂದು ಪಾಠವಿದೆ. ನಮ್ಮ ಅಂಗಡಿಗೆ ಕೋಟಿನ ಟ್ರಯಲ್ ನೋಡಲು ಬರುವ ಕೆಲವು ಗಿರಾಕಿಗಳು ಇರುತ್ತಾರೆ. ಎಲ್ಲಾದರೂ ಬಿಗಿಯಿದೆಯೇ ಎಂದು ಮಾಸ್ಟರ್ ಕೇಳಿದರೆ ಇಲ್ಲವೇ ಇಲ್ಲ ಎನ್ನುತ್ತಾರೆ, ಕಂಕುಳಲ್ಲಿ ಬಟ್ಟೆ ಕಚ್ಚಿ ಹಿಡಿದು ಕೈ ಎರಡೂ ಗೊಂಬೆಯ ಕೈಗಳಂತೆ ಹೊರಕ್ಕೆ ನಿಂತಿದ್ದರೂ ಇಲ್ಲ ಎನ್ನುತ್ತಾರೆ, ಮತ್ತು ಆ ಕೋಟಿನಲ್ಲಿ ಯಾರಿಗೂ ಕೈಕುಲುಕಲಾಗದೆ ವರ್ಷಗಟ್ಟಲೆ ಬಾಳುತ್ತಾರೆ. ಅವರನ್ನು ನೋಡಿ ನಾವು ನಗುತ್ತಿದ್ದೆವು. ಈಗ ನಾನೂ ಅಂಥದೊಂದು ಕೋಟು ತೊಟ್ಟು ಆಸ್ಪತ್ರೆಯಿಂದ ಮನೆಗೆ ಬಂದೆ.

ಕೇಳಬೇಕಾಗಿದ್ದ ಪ್ರಶ್ನೆಗಳು ಬಸ್ಸಿನಲ್ಲಿ ಕೂತ ಕೂಡಲೇ ಒಂದರ ಹಿಂದೊಂದು ಹತ್ತಿದವು. ಏನೂ ಇಲ್ಲ ಎಂದಾದರೆ ಬೆರಳಿಗೆ ಸಿಗುತ್ತಿರುವ ತಾವು ಯಾರು? ಇದ್ದೂ ಇಲ್ಲದಂತಿರುವುದು ಜ್ಞಾನಿಗಳಿಗೆ ಮಾತ್ರ ಸಾಧ್ಯವೆಂದು ಕೇಳಿದ್ದೆ, ತಾವು ಅಷ್ಟು ದೊಡ್ಡವರೇ? ಬಂದದ್ದು ಏಕೆ? ಬೇರೆ ಅಷ್ಟು ಕುತ್ತಿಗೆಗಳಿರುವಾಗ ಈ ಕುತ್ತಿಗೆಯಲ್ಲಿ ತಾವು ಕಂಡ ಸೌಕರ್ಯವಾದರೂ ಏನು? ಬೆಳೆಯುವ ಉದ್ದೇಶವಿದೆಯೇ? ಸೂಜಿ ಇಳಿದ ಕಡೆ ಎಲ್ಲ ಸರಿಯಿದೆ ಎಂಬುದನ್ನು ನಂಬಿದೆ. ಸೂಜಿ ಇಳಿಯದ ಕಡೆ? ಥಾನಿನ ತುದಿ ಬಿಚ್ಚಿ ನೋಡಿ ಬಟ್ಟೆ ಚೆನ್ನಾಗಿದೆ ಎಂದು ಕೊಂಡು ತಂದು, ನಾಲ್ಕು ಸುತ್ತು ಬಿಚ್ಚಿದ ಮೇಲೆ ಒಳಗೆ ಇಲಿ ಕಡಿದದ್ದನ್ನು ಕಂಡ ಅಂಗಡಿ ನಮ್ಮದು.

ಅಮ್ಮನ ಮುಂದೆ ಇದರಲ್ಲಿ ಒಂದನ್ನು ಹೇಳಿ ನೋಡಿದೆ. “ಒಳ್ಳೇದು ಹೇಳಿ ಕಳಿಸಿದ್ರೂ ಮುಖ ಊದಿಸ್ಕೊಂಡು ಕೂತಿದೀಯಲ್ಲೇ. ಸಂತೋಷ ಪಡೋಕೂ ಯಾರಾದ್ರೂ ಹೇಳಿಕೊಡಬೇಕಾ ನಿನಗೆ?” ಎಂದಳು. ಬೇಕಾಗಿತ್ತು, ಆದರೆ ಅದನ್ನು ಹೇಳಿಕೊಡುವವರ ವಿಳಾಸ ನನಗೆ ಗೊತ್ತಿರಲಿಲ್ಲ. ಎಲ್ಲರೂ ಸಂತೋಷವಾಗಿರುವಾಗ ನನಗೊಬ್ಬಳಿಗೆ ಭಯ ಉಳಿದದ್ದಕ್ಕೆ ನಾಚಿಕೆಯಾಗಿ, ಅದನ್ನೂ ನಾನು ಬಚ್ಚಿಡಬೇಕಾಯಿತು.

ತಾವು ನಿರಪರಾಧಿ ಎಂದಾದದ್ದರಿಂದ ಮನೆಯಲ್ಲಿ ನನ್ನ ಸ್ಥಾನಮಾನ ಏನಾಯಿತೆಂಬುದನ್ನೂ ತಮ್ಮ ಗಮನಕ್ಕೆ ತರಬೇಕು. ರಿಪೋರ್ಟು ಬರುವತನಕ ಕಿಟಕಿಯ ಪಕ್ಕದ ಮಂಚ ನನ್ನದಾಗಿತ್ತು. ಬಿಸಿ ಹಾಲು ಕೇಳದೆಯೇ ಬರುತ್ತಿತ್ತು, ಅದರ ಮೇಲಿನ ಕೆನೆಯೂ ಬರುತ್ತಿತ್ತು. ನಮ್ಮ ಜೊತೆಯಲ್ಲೇ ಇರುವ ಚಿಕ್ಕಮ್ಮ, ಜೀವಮಾನದಲ್ಲಿ ಮೊದಲ ಬಾರಿಗೆ, ನನ್ನ ತಟ್ಟೆಯನ್ನು ತಾನೇ ತೊಳೆದಳು. ರಿಪೋರ್ಟು ಬಂದ ಮರುದಿನ ಬೆಳಿಗ್ಗೆ ಹಾಲು ಬರಲಿಲ್ಲ. ಕೇಳಿದ್ದಕ್ಕೆ ಚಿಕ್ಕಮ್ಮ, “ಏನೂ ಇಲ್ಲ ಅಂದ್ರಲ್ಲ, ಏನೂ ಇಲ್ಲದವಳಿಗೆ ಹಾಲೇಕೆ?” ಎಂದು ನೀರು ತುಂಬುವ ಕೊಡವನ್ನು ನನ್ನ ಸೊಂಟಕ್ಕೆ ಇಟ್ಟಳು. ಮಂಚವನ್ನೂ ಅವಳೇ ವಹಿಸಿಕೊಂಡಳು. ಅಲ್ಲಿ ಮಲಗಿಕೊಂಡು, ತನಗೆ ಗೊತ್ತಿದ್ದ ಒಬ್ಬಳಿಗೂ ಹೀಗೇ ಏನೂ ಇಲ್ಲ ಎಂದಿದ್ದರೆಂದೂ, ಪಾಪ ಒಳ್ಳೆಯವಳಾಗಿದ್ದಳೆಂದೂ ಹೇಳಿ, ಆಕೆಯ ಮುಂದಿನ ಕಥೆ ನಾನು ಕೇಳಿದಾಗ ತನಗೆ ನಿದ್ದೆ ಬರುತ್ತಿದೆ ಎನ್ನುತ್ತಿದ್ದಳು. ಆ ಒಳ್ಳೆಯವಳು ಈಗಲೂ ಇದ್ದಾಳೋ ಇಲ್ಲವೋ ಎಂಬುದನ್ನು ತಾವಾದರೂ ವಿಚಾರಿಸಿ ತಿಳಿಸಿದರೆ ಉಪಕಾರವಾಗುತ್ತದೆ.

ಇನ್ನು ಅಂಗಡಿಯಲ್ಲಿ ತಮಗೆ ಸಂದ ಮರ್ಯಾದೆಯ ವಿಷಯ. ತಾವು ಬೆಳೆಯುತ್ತಿದ್ದೀರೋ ಇಲ್ಲವೋ ಎಂಬ ನನ್ನ ಚಿಂತೆಯನ್ನು ಪರಿಹರಿಸಲು ಮಾಸ್ಟರ್ ಒಂದು ಉಪಾಯ ಕಂಡುಹಿಡಿದರು. ಮನುಷ್ಯರ ಎದೆ, ಸೊಂಟ, ಹೆಗಲುಗಳನ್ನು ಅಳೆದು ಕೈ ಪಳಗಿದವರಿಗೆ ಒಂದು ಗಂಟು ಎಷ್ಟರದು? ಆದರೆ ಉರುಟಾದ ತಮ್ಮ ಮೇಲೆ ಟೇಪು ನಿಲ್ಲಲಿಲ್ಲ, ಜಾರಿತು. ಆದ್ದರಿಂದ ಗುಂಡಿಗಳ ಡಬ್ಬಿ ತೆರೆಯಿಸಿದರು. ಒಂದೊಂದು ಗುಂಡಿಯನ್ನೂ ತಮ್ಮ ಮೇಲಿಟ್ಟು, ಸುತ್ತಲೂ ಬೆರಳಿನಿಂದ ಒತ್ತಿ, ಸರಿಯಾಗಿ ಕೂರುವುದು ಯಾವುದೆಂದು ನೋಡಿದರು. ತಾವು ಅಂಗಿಯ ತೋಳಿನ ಗುಂಡಿಯಷ್ಟು ಇದ್ದೀರೆಂದು ತೀರ್ಮಾನವಾಯಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಸಮಾಧಾನವನ್ನು ಇನ್ನೊಮ್ಮೆ ಪಡೆಯಲು ಊಟದ ಹೊತ್ತಿಗೆ ಮತ್ತೊಮ್ಮೆ ಅಳೆಯಿಸಿದೆ.

ಅಲ್ಲಿಂದ ಅದು ಅಂಗಡಿಯ ನಿತ್ಯದ ಕೆಲಸವಾಯಿತು. ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಇಸ್ತ್ರಿಗೆ ಕರೆಂಟು ಹಾಕುವುದು, ಆಮೇಲೆ ತಮ್ಮ ಅಳತೆ. ವಾರ ಕಳೆಯುವುದರೊಳಗೆ ತಾವು ಅಂಗಿಯ ಎದೆಯ ಗುಂಡಿಗೆ ಬಡ್ತಿ ಹೊಂದಿದಿರಿ. ಅರ್ಜೆಂಟಕ್ಕ ಮಾಸ್ಟರಿಗೆ ಅಳತೆಯೇ ಬರುವುದಿಲ್ಲವೆಂದು ಮಿಷನ್ನು ನಿಲ್ಲಿಸಿ ಎದ್ದು ಬಂದು ತಾನೂ ಒತ್ತಿ ನೋಡಿ, ಇದು ನಿಸ್ಸಂದೇಹವಾಗಿ ಕೋಟಿನ ಗುಂಡಿ ಎಂದಳು. ಇಬ್ಬರಿಗೂ ಜಗಳ ಹತ್ತಿ, ನ್ಯಾಯ ಹೇಳಲು ಪಕ್ಕದ ಚಪ್ಪಲಿ ಅಂಗಡಿಯವನನ್ನು ಕರೆದರು, ಅವನು ಒತ್ತಿದ. ಟ್ರಯಲ್‌ಗೆ ಬಂದಿದ್ದ ಗಿರಾಕಿಯೂ ತನಗೆ ಇಂಥದ್ದರ ಅನುಭವವಿದೆಯೆಂದು ಒತ್ತಿದ. ಬೇಡ ಎನ್ನಲು ನನಗೆ ನಾಲಿಗೆ ಏಳಲಿಲ್ಲ, ಎದ್ದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ, ಏಕೆಂದರೆ ಅವರೆಲ್ಲ ಬಿಟ್ಟ ಸಮಯದಲ್ಲಿ ಒತ್ತುತ್ತಿದ್ದವಳು ನಾನು.

ನನ್ನ ಎಡಗೈಯನ್ನು ತಾವು ನೌಕರಿಗೆ ಇಟ್ಟುಕೊಂಡಂತಾಗಿತ್ತು. ನಾನು ಗುಂಡಿ ಹಾಕುವಾಗ ಅದು ಬಟ್ಟೆ ಬಿಟ್ಟು ತಮ್ಮ ಸೇವೆಗೆ ಬರುತ್ತಿತ್ತು. ಕೊನೆಗೊಂದು ದಿನ ಮಾಸ್ಟರ್, ರಿಪೋರ್ಟು ಬಂದು ಇಷ್ಟು ದಿನವಾಯಿತಲ್ಲ, ಶುರುಮಾಡು ಎಂದು ಒಂದು ಶಾಲಾ ಹುಡುಗನ ಅಂಗಿಯ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಗೆರೆ ಎಳೆದು, ಕತ್ತರಿಯನ್ನು ನನ್ನ ಕೈಗಿಟ್ಟರು. ಬಲಗೈ ಕತ್ತರಿಸುತ್ತ ಹೋಯಿತು. ಎಡಗೈ ಬಟ್ಟೆಯನ್ನು ಅದುಮಿ ಹಿಡಿಯುವ ಬದಲು ಕುತ್ತಿಗೆಗೆ ಹೋಗಿ ತಮ್ಮ ಯೋಗಕ್ಷೇಮ ನೋಡುತ್ತಿತ್ತು. ಬಟ್ಟೆ ಮಗುಚಿದ್ದು ನನಗೆ ತಿಳಿಯಲಿಲ್ಲ. ಎರಡೂ ತೋಳುಗಳು ಎಡಗೈಯವಾದವು. ಮಾಸ್ಟರ್ ಅವನ್ನು ಎತ್ತಿ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, ಎರಡೂ ಎಡಗೈ ಇರುವ ಹುಡುಗ ಆ ಶಾಲೆಗೆ ಇನ್ನೂ ಸೇರಿಲ್ಲ ಎಂದರು. ಆಮೇಲೆ ಬೈಯದೆ, ಅದೇ ಹೆಚ್ಚು ನೋವಾಗುವ ಹಾಗೆ, “ನನಗಂತೂ ಕೈ ಇಲ್ಲ. ನಿನಗೂ ಕೈ ಇಲ್ಲ ಅಂದ್ರೆ ಅಂಗಡೀನ ಕಾಲಲ್ಲಿ ನಡೆಸೋದಾ ಮಗಳೇ? ಬರೋ ವಾರ ಬೇರೆಯವರನ್ನ ನೋಡ್ತೀನಿ,” ಎಂದರು.

ಮನೆಗೆ ಬಂದು ಕನ್ನಡಿ ನೋಡಿಕೊಂಡರೆ ತಾವು ಕೆಂಪೇರಿದ್ದಿರಿ. ಮುಟ್ಟಿದರೆ ನೋಯುತ್ತಿದ್ದಿರಿ. ಕೋಟಿನ ಗುಂಡಿಯನ್ನೂ ದಾಟಿ ಊದಿದ್ದಿರಿ. ಅಮ್ಮನಿಗೆ ತೋರಿಸಿದೆ. ಏನೂ ಇಲ್ಲ ಏನೂ ಇಲ್ಲ ಎಂದು ದಿನಕ್ಕೊಮ್ಮೆ ಬೈಯುತ್ತಿದ್ದ ಅಮ್ಮ ಈ ಸಲ ಹಾಗೆನ್ನಲಿಲ್ಲ. ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು.

ಮತ್ತೆ ಅದೇ ಡಾಕ್ಟರಮ್ಮ, ಅದೇ ಬೆಂಚು, ಅದೇ ಕೆಮ್ಮು. ಅವರು ತಮ್ಮನ್ನು ನೋಡಿದ ಕೂಡಲೇ, “ಇದನ್ನ ಯಾರು ಒತ್ತಿದ್ದು?” ಎಂದು ಕೇಳಿದರು. ನಾನು ನೆಲ ನೋಡಿಕೊಂಡೇ ಮಾಸ್ಟರನ್ನೂ, ಅರ್ಜೆಂಟಕ್ಕನನ್ನೂ, ಚಪ್ಪಲಿ ಅಂಗಡಿಯವನನ್ನೂ, ಗಿರಾಕಿಯನ್ನೂ ಹೇಳಿದೆ, ಗುಂಡಿಗಳನ್ನೂ ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅಷ್ಟು ಜನ ಸೇರಿ ಒತ್ತಿದರೆ ಡಾಕ್ಟರ ಮೂಗು ಕೂಡ ಕೋಟಿನ ಗುಂಡಿಯಾಗುತ್ತದೆ ಎಂದರು. ಊದಿರುವುದು ಗಂಟಲ್ಲ, ಅದರ ಮೇಲಿನ ಚರ್ಮ, ಕೈಯಿಟ್ಟು ಕೈಯಿಟ್ಟು ಹೀಗಾಗಿದೆ, ಬಿಟ್ಟರೆ ಇಳಿಯುತ್ತದೆ ಎಂದರು. ಆಮೇಲೆ, ಇಷ್ಟೇ ಜನವೋ ಇನ್ನೂ ಇದ್ದಾರೋ ಎಂದು ಕೇಳಿದರು.

ನಾನು ಇಷ್ಟೇ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಗೋಡೆಯ ಮೇಲಿನ ಕರುಳಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ ಅಮ್ಮ ಅಲ್ಲಿಂದ ಕಣ್ಣು ತೆಗೆಯದೆಯೇ ಮಾತಾಡಿದಳು. “ನಾನೂ ನೋಡ್ತಿದ್ದೆ ಡಾಕ್ಟರಮ್ಮ. ದಿನಾ ಜಡೆ ಹಾಕುವಾಗ. ಕಾಲರ್ ಸರಿ ಮಾಡೋ ನೆಪದಲ್ಲಿ.” ಮತ್ತೆ, “ಬೆಳೀತಾ ಇದ್ರೆ ನಮಗೆ ಹೇಗೆ ಗೊತ್ತಾಗುತ್ತೆ ಅಂತ ಆವತ್ತೇ ಕೇಳಬೇಕಿತ್ತು. ನೀವು ಏನೂ ಇಲ್ಲ ಅಂದುಬಿಟ್ರಿ. ಇಲ್ಲ ಅಂದಮೇಲೆ ಏನಂತ ಕೇಳೋದು?” ಎಂದಳು.

ಮಾನ್ಯರೇ, ಬೆಳಗಾದರೆ ನನ್ನ ಕುತ್ತಿಗೆಯ ಹಿಂದೆ ನಿಂತು, ಮುಖ ತೋರಿಸದೆ, ನನಗೆ ಬೈಯುತ್ತಲೇ ಅಮ್ಮ ಹೆದರುತ್ತಿದ್ದಳೆಂಬುದು ತಮಗೆ ಅವಳ ಬೆರಳ ತುದಿಯಿಂದಲೇ ಗೊತ್ತಿರಬೇಕು. ನನಗೆ ಒಂದು ಮಾತು ಹೇಳಬಹುದಿತ್ತು. ಒಂದೇ ಮನೆಯಲ್ಲಿ ಎರಡು ಭಯಗಳು ಬೇರೆ ಬೇರೆ ಒಲೆ ಹೂಡಿಕೊಂಡಿದ್ದವು.

ಅಮ್ಮ ಬಾಯಿ ಬಿಟ್ಟದ್ದರಿಂದ ನನ್ನ ನಾಲಿಗೆಯೂ ಸಡಿಲವಾಯಿತು. ಸೂಜಿ ಇಳಿಯದ ಕಡೆ ಏನಾದರೂ ಇದ್ದರೆ ಎಂದು ಕೇಳಿಯೇಬಿಟ್ಟೆ, ಥಾನಿನ ಒಳಗಿನ ಇಲಿ ಕಡಿತದ ಸಮೇತ. ಡಾಕ್ಟರಮ್ಮ ನಗಲಿಲ್ಲ, ಬೆಂಚಿನ ಕಡೆಗೂ ನೋಡಲಿಲ್ಲ. ಬೇರೆ ಬೇರೆ ಕಡೆಯಿಂದ ತೆಗೆದು ನೋಡಿದ್ದಾರಂತೆ, ಎಲ್ಲ ಕಡೆಯೂ ಒಂದೇ, ತಾವು ಬರೀ ಕೊಬ್ಬಿನ ಗಂಟಂತೆ. ಕೆಂಪು ಇಳಿದ ಮೇಲೂ ಬೇಗ ಬೇಗ ದೊಡ್ಡದಾದರೆ, ಕಲ್ಲಿನಂತೆ ಗಟ್ಟಿಯಾದರೆ, ಮುಟ್ಟದೆಯೇ ನೋಯತೊಡಗಿದರೆ ಹೋಗಿ ತೋರಿಸಬೇಕಂತೆ. ಇಲ್ಲದಿದ್ದರೂ ಕೆಲವು ತಿಂಗಳು ಬಿಟ್ಟು ಒಮ್ಮೆ ಹೋಗಬೇಕಂತೆ. ಏಕೆ ಬಂತು ಎಂದು ಕೇಳಿದ್ದಕ್ಕೆ, ಕೆಲವರಿಗೆ ಬರುತ್ತದೆ, ಕಾರಣ ಡಾಕ್ಟರುಗಳಿಗೂ ಗೊತ್ತಿಲ್ಲ ಎಂದರು. ಮುಂದೆ ಯಾವತ್ತೂ ಏನೂ ಆಗುವುದಿಲ್ಲವೇ ಎಂದು ಅಮ್ಮ ಕೇಳಿದಳು. “ಹಾಗಂತ ನನ್ನ ಕುತ್ತಿಗೆಗೂ ಯಾರೂ ಬರೆದುಕೊಟ್ಟಿಲ್ಲಮ್ಮ,” ಎಂದರು ಡಾಕ್ಟರಮ್ಮ.

ಅಂದರೆ ನಾನು ಇಷ್ಟು ದಿನ ಕಾಯುತ್ತಿದ್ದದ್ದು ಯಾವ ಆಫೀಸೂ ಕೊಡದ ಕಾಗದಕ್ಕೆ. ಅದು ಸಿಕ್ಕಿದ ಮೇಲೆ ಕತ್ತರಿ ಹಿಡಿಯುತ್ತೇನೆಂದು ಕೂತಿದ್ದರೆ ಕತ್ತರಿಗೂ ತುಕ್ಕು, ನನಗೂ ತುಕ್ಕು. ಆದ್ದರಿಂದ ತಮ್ಮ ಮುಂದೆ ಕೆಲವು ವಿನಂತಿಗಳನ್ನಿಡುತ್ತಿದ್ದೇನೆ, ದೊಡ್ಡ ಮನಸ್ಸಿನಿಂದ ಪರಿಶೀಲಿಸಬೇಕು.

ತಾವು ಇರುವುದಾದರೆ ಇರಿ, ಆದರೆ ಬೆಳೆಯುವ ಮನಸ್ಸಾದರೆ ಒಂದು ತಿಂಗಳು ಮುಂಚಿತವಾಗಿ, ಓದಲು ಬರುವ ಅಕ್ಷರದಲ್ಲಿ ತಿಳಿಸಬೇಕು. ಶಾಲೆಗಳು ತೆರೆಯುವ ಮುಂಚಿನ ದಿನಗಳಲ್ಲಿ ಸಮವಸ್ತ್ರದ ಒತ್ತಡ ವಿಪರೀತವಾಗಿರುವುದರಿಂದ ಆಗ ದಯವಿಟ್ಟು ನೋಯಬಾರದು. ನೆಂಟರಿಷ್ಟರನ್ನು ಕರೆಸಿಕೊಳ್ಳುವ ಯೋಚನೆಯಿದ್ದರೆ, ಈ ಕುತ್ತಿಗೆ ಸಣ್ಣದು, ಈಗಾಗಲೇ ಅದರ ಮೇಲೆ ಒಂದು ತಲೆಯೂ ಇದೆ, ಬೇರೆ ಕಡೆ ವಿಶಾಲವಾದ ಸ್ಥಳ ನೋಡಿಕೊಳ್ಳಬೇಕು. ಚಿಕ್ಕಮ್ಮನಿಗೆ ತಾವೇ ಒಂದು ಮಾತು ಹೇಳಿ ಹಾಲನ್ನು ಮತ್ತೆ ಮಂಜೂರು ಮಾಡಿಸಬೇಕು. ಏನೂ ಇಲ್ಲದವರಿಗೂ ಹಸಿವೆಯಾಗುತ್ತದೆ. ಮತ್ತು ತಾವು ಬಂದ ಕಾರಣ ನಿಜವಾಗಿ ತಮಗಾದರೂ ಗೊತ್ತಿದ್ದರೆ, ಇಲ್ಲಿ ಮೂವರು ಹೆಂಗಸರು ಕಾಯುತ್ತಿದ್ದೇವೆ, ನಮ್ಮಲ್ಲೊಬ್ಬರು ಡಾಕ್ಟರು.

ಇಷ್ಟು ಹೇಳಿದ ಮೇಲೆ ಒಂದು ಸುದ್ದಿಯನ್ನೂ ತಿಳಿಸಿಬಿಡುತ್ತೇನೆ. ಮಾಸ್ಟರ್ ಬೇರೆಯವರನ್ನು ನೋಡಲು ಹೊರಟಿದ್ದ ಬೆಳಿಗ್ಗೆ ನಾನು ಅವರಿಗಿಂತ ಮುಂಚೆ ಹೋಗಿ ಮೇಜಿನ ಮುಂದೆ ನಿಂತೆ. ಅವರು ನನ್ನನ್ನೂ ಮೇಜನ್ನೂ ನೋಡಿ, ಒಂದು ಕೋಟಿನ ಬಟ್ಟೆ ಹರಡಿದರು. ಅರ್ಜೆಂಟಕ್ಕ ಮಿಷನ್ನು ನಿಲ್ಲಿಸಿದಳು. ದಪ್ಪ ಬಟ್ಟೆ, ಒಂದು ಕೈಗೆ ಬಗ್ಗುವುದಿಲ್ಲ. ಎಡಗೈ ಅಂಗೈ ಪೂರ್ತಿ ಊರಿ ಅದುಮಿ ಹಿಡಿದರೆ ಮಾತ್ರ ಕತ್ತರಿ ಗೆರೆಯ ಮೇಲೆ ನಡೆಯುತ್ತದೆ. ಅದುಮಿ ಹಿಡಿದೆ. ಬೆನ್ನಿನ ಭಾಗ ಮುಗಿಯಿತು, ಎದೆಯ ಭಾಗಗಳು ಮುಗಿದವು. ಬಲಗೈಯ ತೋಳು ಬಲಗೈಗೇ ಆಯಿತು, ಎಡಗೈಯದು ಎಡಗೈಗೆ. ಅಷ್ಟು ಹೊತ್ತೂ ತಾವು ಇದ್ದಿರಿ, ನಾನು ವಿಚಾರಿಸಲಿಲ್ಲ. ತಾವೂ ಕರೆಯಲಿಲ್ಲ.

ಭಯ ಹೋಯಿತೆಂದು ತಾವು ತಿಳಿಯಬಾರದು. ನಾನು ಬಿಟ್ಟು ಬಂದ ಮೂಲೆಯ ಸ್ಟೂಲಿನ ಮೇಲೆ ಅದು ಈಗ ಕೂತಿದೆ. ಆಗಾಗ ಕೆಮ್ಮಿ ತಾನಿದ್ದೇನೆಂದು ತಿಳಿಸುತ್ತದೆ. ಮಾಸ್ಟರ್ ಆ ಸ್ಟೂಲಿಗೆ ಹೊಸಬರನ್ನು ಹುಡುಕುತ್ತಿದ್ದಾರೆ. ಬಂದವರು ಕೂರುವ ಮುಂಚೆ ಸ್ವಲ್ಪ ಒರೆಸಿಕೊಂಡು ಕೂತರೆ ಒಳ್ಳೆಯದು.

ತಾವು ಒಪ್ಪಿದರೂ ಒಪ್ಪದಿದ್ದರೂ ತಮ್ಮನ್ನು ಹೋದಲ್ಲೆಲ್ಲ ಹೊತ್ತು ತಿರುಗುವ,

ತಮ್ಮ ವಿಶ್ವಾಸಿ,
ತಾವು ತಂಗಿರುವ ಕುತ್ತಿಗೆಯ ಒಡತಿ

ಮರೆತ ಮಾತು: ಮೊದಲ ಬಾರಿ ಸಂಬಳ ಏರಿದ ಖುಷಿಗೆ ನನಗಾಗಿಯೇ ಒಂದು ಅಂಗಿ ಕತ್ತರಿಸಿ ಹೊಲಿದುಕೊಂಡಿದ್ದೇನೆ. ತಮ್ಮನ್ನು ಮುಟ್ಟಿ ನೋಡಲು ಇನ್ನೂ ಬರುತ್ತಿರುವ ಹಿತೈಷಿಗಳಿಗಾಗಿ ಅದರ ಎಡ ಕಾಲರಿನೊಳಗೆ ಒಂದು ಗುಂಡುಸೂಜಿಯನ್ನು, ಮೊನೆ ಹೊರಗೆ ಬರುವಂತೆ, ಸಿಕ್ಕಿಸಿಟ್ಟಿದ್ದೇನೆ. ಇವತ್ತಿನವರೆಗೆ ಅದು ಒಂದೇ ಒಂದು ಬೆರಳನ್ನು ಚುಚ್ಚಿದೆ. ಬೆರಳು ನನ್ನದೇ.